ಹಾರುವ ಕಾರಿಗಾಗಿ ಕಾದವರು

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಗಳು ಒಂದು ಗುರುವಂದನೆ ಏರ್ಪಡಿಸಿದ್ದರು. ಹಾರ, ಶಾಲು, ಭಾಷಣ, ಊಟ ಎಲ್ಲ ಮುಗಿದ ಮೇಲೆ ಒಬ್ಬ ಶಿಷ್ಯ ಹತ್ತಿರ ಬಂದು ಕುಳಿತ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಅವನ ತಲೆ ನನ್ನದಕ್ಕಿಂತ ಹೆಚ್ಚು ನರೆತಿದೆ. "ಸಾರ್, ಒಂಬತ್ತನೇ ಕ್ಲಾಸಿನಲ್ಲಿ ನೀವು ಎರಡು ಸಾವಿರನೇ ಇಸವಿ ಹೊತ್ತಿಗೆ ಕಾರುಗಳು ಹಾರುತ್ತವೆ ಅಂದಿದ್ರಿ. ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ದಿನಾ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡಾಗ ನಿಮ್ಮನ್ನೇ ನೆನೆಸಿಕೊಳ್ತೀನಿ" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆದರೆ ಮನೆಗೆ ಬಂದ ಮೇಲೆ ಆ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ನಾನು ಹಾಗೆ ಹೇಳಿದ್ದು ನಿಜ. 1988ರ ಸುಮಾರು, ಚಲನೆಯ ನಿಯಮಗಳ ಪಾಠ ನಡೆಯುತ್ತಿತ್ತು. ಯಾವುದೋ ಪತ್ರಿಕೆಯಲ್ಲಿ ಓದಿದ್ದನ್ನು ಮಕ್ಕಳ ಉತ್ಸಾಹಕ್ಕೆಂದು ಸೇರಿಸಿ ಹೇಳಿದ್ದೆ. ನಿವೃತ್ತನಾದ ಮೇಲೆ ಓದಲು ಬೇಕಾದಷ್ಟು ಬಿಡುವಿದೆ. ಆದ್ದರಿಂದ ನಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಹೋದೆ. ಹುಡುಕಿದಷ್ಟೂ ತಿಳಿದದ್ದು ಬೇರೆಯೇ ಸಂಗತಿ. ಮುಂದೆ ಬರಲಿದೆ ಎಂದು ನಾನು ಯಾವುದನ್ನು ಹೇಳಿದ್ದೆನೋ ಅದು ಆಗಲೇ ಬಂದು ಹೋಗಿತ್ತು! ರಸ್ತೆಯಲ್ಲಿ ಓಡಿ ಆಕಾಶದಲ್ಲಿ ಹಾರುವ ಕಾರು ನಾನು ಹುಟ್ಟುವುದಕ್ಕೆ ಮುಂಚೆಯೇ ತಯಾರಾಗಿ, ಸರ್ಕಾರದ ಪ್ರಮಾಣಪತ್ರವನ್ನೂ ಪಡೆದು, ಕೊಳ್ಳುವವರಿಲ್ಲದೆ ಮೂಲೆ ಸೇರಿತ್ತು. ಆ ಕಥೆಯನ್ನು ಆ ಶಿಷ್ಯನಿಗಾಗಿ, ಮತ್ತು ಅಂದು ಅವನ ಜೊತೆ ಬೆಂಚಿನಲ್ಲಿ ಕುಳಿತಿದ್ದ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಪುಷ್ಪಕ ವಿಮಾನದ ಕಥೆ ಕೇಳಿ ಬೆಳೆದ ನಮಗೆ ಈ ಆಸೆ ಹೊಸದಲ್ಲ. ಅಮೆರಿಕದವರಿಗೆ ಈ ಆಸೆ ಹುಟ್ಟಿದ್ದು ಮೋಟಾರು ಕಾರಿನ ಹಿಂದೆಯೇ. ರೈಟ್ ಸೋದರರು ಹಾರಿದ್ದು 1903ರಲ್ಲಿ, ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಬಂದದ್ದು 1908ರಲ್ಲಿ. ಎರಡೂ ಒಂದೇ ಕಾಲದ ಕೂಸುಗಳು. ಎರಡನ್ನೂ ಒಂದುಗೂಡಿಸಿದರೇನು ಎಂಬ ಯೋಚನೆ ಬರುವುದು ಸಹಜವೇ. 1917ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವೈಮಾನಿಕ ಪ್ರದರ್ಶನದಲ್ಲಿ ಗ್ಲೆನ್ ಕರ್ಟಿಸ್ ಎಂಬ ಹೆಸರಾಂತ ವಿಮಾನ ನಿರ್ಮಾಪಕ 'ಆಟೋಪ್ಲೇನ್' ಎಂಬುದನ್ನು ತಂದು ನಿಲ್ಲಿಸಿದ. ಅಲ್ಯೂಮಿನಿಯಂ ಒಡಲಿನ ಕಾರು, ಅದರ ಮೇಲೆ ಮೂರು ಅಂತಸ್ತಿನ ರೆಕ್ಕೆ, ಹಿಂಭಾಗದಲ್ಲಿ ಪ್ರೊಪೆಲ್ಲರ್. ಮುಂದೆ ಚಾಲಕ, ಹಿಂದೆ ಇಬ್ಬರು ದೊಡ್ಡಮನುಷ್ಯರು ಕೂರುವ ವ್ಯವಸ್ಥೆ. ಅದು ನೆಲದಿಂದ ಒಂದೆರಡು ಸಲ ಪುಟಿದಿರಬಹುದೇ ಹೊರತು ಸರಿಯಾಗಿ ಹಾರಲಿಲ್ಲ. ಏಪ್ರಿಲಿನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಕರ್ಟಿಸ್ ಯುದ್ಧವಿಮಾನಗಳ ತಯಾರಿಕೆಯಲ್ಲಿ ಮುಳುಗಿದ.

ಮುಂದಿನ ಎರಡು ದಶಕಗಳ ಪ್ರಯತ್ನಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. 1933ರಲ್ಲಿ ಅಮೆರಿಕ ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಯ ಮುಖ್ಯಸ್ಥ ಯೂಜೀನ್ ವಿಡಾಲ್, 700 ಡಾಲರಿಗೆ ಸಾಮಾನ್ಯ ಜನರ ಕೈಗೆಟುಕುವ ವಿಮಾನವೊಂದು ಬರಬೇಕೆಂದು ಘೋಷಿಸಿದ. ಆ ಕರೆಗೆ ಓಗೊಟ್ಟವರಲ್ಲಿ ಕ್ಯಾಲಿಫೋರ್ನಿಯದ ವಾಲ್ಡೊ ವಾಟರ್‌ಮನ್ ಒಬ್ಬ. ಬಾಲವೇ ಇಲ್ಲದ ಆತನ ಸಣ್ಣ ವಿಮಾನ 1937ರಲ್ಲಿ ರೆಕ್ಕೆ ಕಳಚಿ ರಸ್ತೆಯಲ್ಲಿಯೂ ಓಡಬಲ್ಲ 'ಆರೋಬೈಲ್' ಆಯಿತು. ಅದಕ್ಕೆ ಸ್ಟೂಡ್‌ಬೇಕರ್ ಕಾರಿನ ಎಂಜಿನ್. ಸ್ಟೂಡ್‌ಬೇಕರ್ ಕಂಪನಿ ಐದನ್ನು ಮಾಡಿಸಲು ಮುಂದಾಯಿತು. ಖರ್ಚು ಅಂದಾಜು ಮೀರಿತು, ಕೊಳ್ಳುವವರು ಬರಲಿಲ್ಲ, ಕೆಲಸ ನಿಂತಿತು. ಈ ಮೂರು ವಾಕ್ಯಗಳನ್ನು ನೆನಪಿಟ್ಟುಕೊಳ್ಳಿ; ಮುಂದಿನ ಎಲ್ಲ ಕಥೆಗಳಿಗೂ ಇವೇ ಕೊನೆಯ ಸಾಲುಗಳು.

ಎರಡನೆಯ ಮಹಾಯುದ್ಧ ಮುಗಿದಾಗ ಈ ಆಸೆಗೆ ನಿಜವಾದ ಬಲ ಬಂತು. ಯುದ್ಧದಲ್ಲಿ ವಿಮಾನ ಹಾರಿಸಲು ಕಲಿತ ಸಾವಿರಾರು ತರುಣರು ಮನೆಗೆ ಮರಳಿದ್ದರು. ಇವರೆಲ್ಲ ಇನ್ನು ಕಾರು ಕೊಳ್ಳುವ ಹಾಗೆ ವಿಮಾನ ಕೊಳ್ಳುತ್ತಾರೆ ಎಂದು ಕಾರ್ಖಾನೆಯವರು ಲೆಕ್ಕ ಹಾಕಿದರು. ಸ್ಯಾನ್ ಡಿಯೇಗೊದ ಕಾನ್‌ವೇರ್ ಕಂಪನಿ 1,60,000 ಹಾರುವ ಕಾರುಗಳನ್ನು ಮಾರುವ ಕನಸು ಕಂಡಿತು. ಅದರ ಯೋಜನೆ ಸ್ವಾರಸ್ಯವಾಗಿತ್ತು. ಕಾರನ್ನು ನೀವು ಕೊಳ್ಳಬೇಕು. ರೆಕ್ಕೆಯನ್ನು ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಪಡೆಯಬೇಕು, ಮದುವೆಗೆ ಪಾತ್ರೆಪಗಡ ತರುವ ಹಾಗೆ. 1947ರ ನವೆಂಬರಿನಲ್ಲಿ ಪರೀಕ್ಷಾ ಹಾರಾಟದ ವೇಳೆ ಇಂಧನ ಮುಗಿದು ಅದು ನೆಲಕ್ಕೆ ಅಪ್ಪಳಿಸಿತು. ಚಾಲಕ ಬದುಕಿಕೊಂಡ. ಅದರಲ್ಲಿ ಎರಡು ಇಂಧನ ಟ್ಯಾಂಕುಗಳಿದ್ದವು, ಒಂದು ಕಾರಿನ ಎಂಜಿನ್ನಿಗೆ, ಇನ್ನೊಂದು ವಿಮಾನದ ಎಂಜಿನ್ನಿಗೆ. ಆತ ಹೊರಡುವಾಗ ಕಾರಿನ ಮಾಪಕ ನೋಡಿ ಇಂಧನ ತುಂಬಿದೆಯೆಂದು ಭಾವಿಸಿದನಂತೆ. ಉಳಿದ ರೆಕ್ಕೆಗಳಿಗೆ ಇನ್ನೊಂದು ಕಾರನ್ನು ಕಟ್ಟಿ ಮತ್ತೆ ಹಾರಿಸಿದರಾದರೂ ಕಂಪನಿಯ ಉತ್ಸಾಹ ಅಷ್ಟರಲ್ಲಿ ಆರಿಹೋಗಿತ್ತು.

ಇದೇ ಹೊತ್ತಿಗೆ ದೇಶದ ಇನ್ನೊಂದು ತುದಿಯಲ್ಲಿ ರಾಬರ್ಟ್ ಫುಲ್ಟನ್ ಎಂಬಾತ ಕೆಲಸ ಮಾಡುತ್ತಿದ್ದ. ಈತನ ಬಗ್ಗೆ ಓದುವಾಗ ನನಗೆ ವಿಶೇಷ ಅಕ್ಕರೆ ಹುಟ್ಟಿತು. ತರುಣನಾಗಿದ್ದಾಗ, 1932ರಲ್ಲಿ, ಲಂಡನ್ನಿನಿಂದ ಮೋಟಾರ್ ಸೈಕಲ್ ಹತ್ತಿ ಒಬ್ಬನೇ ಹೊರಟು, ನಮ್ಮ ಭಾರತವನ್ನೂ ಹಾದು, ಜಪಾನ್ ತಲುಪಿ ಊರಿಗೆ ಮರಳಿದವನು ಈತ. ಸುಮಾರು ಒಂದೂವರೆ ವರ್ಷದ ಪ್ರಯಾಣ. ಯುದ್ಧಕಾಲದಲ್ಲಿ ತನ್ನದೊಂದು ತರಬೇತಿ ಯಂತ್ರವನ್ನು ಸೈನ್ಯಕ್ಕೆ ತೋರಿಸಲು ಸ್ವಂತ ವಿಮಾನದಲ್ಲಿ ಊರೂರು ಸುತ್ತುತ್ತಿದ್ದ. ವಿಮಾನ ಇಳಿದ ಮೇಲೆ ಊರು ಎಷ್ಟೋ ಮೈಲಿ ದೂರ. ಅಲ್ಲಿಂದ ಹೋಗಲು ಗಾಡಿಯಿಲ್ಲ. ಈ ಕಿರಿಕಿರಿಯಿಂದ ಹುಟ್ಟಿದ್ದೇ ಆತನ 'ಏರ್‌ಫಿಬಿಯನ್'. ಉಳಿದವರೆಲ್ಲ ಕಾರನ್ನು ಹಾರಿಸಲು ಹೊರಟರೆ ಈತ ವಿಮಾನವನ್ನು ರಸ್ತೆಗಿಳಿಸಿದ. ನಿಲ್ದಾಣದಲ್ಲಿ ಇಳಿದು, ರೆಕ್ಕೆ, ಬಾಲ, ಪ್ರೊಪೆಲ್ಲರುಗಳನ್ನು ಐದಾರು ನಿಮಿಷದಲ್ಲಿ ಕಳಚಿ ಅಲ್ಲಿಯೇ ಇಟ್ಟು, ಉಳಿದ ಮೂತಿಯ ಭಾಗವನ್ನು ಕಾರಿನಂತೆ ಓಡಿಸಿಕೊಂಡು ಊರಿಗೆ ಹೋಗಬಹುದು. 1946ರಲ್ಲಿ ಅದು ಹಾರಿತು. 1950ರಲ್ಲಿ ಸರ್ಕಾರದ ಪ್ರಮಾಣಪತ್ರವೂ ದೊರಕಿತು. ಹಾರುವ ಕಾರೊಂದಕ್ಕೆ ಅಮೆರಿಕದಲ್ಲಿ ದೊರೆತ ಮೊದಲ ಪ್ರಮಾಣಪತ್ರವದು. ಅಷ್ಟರಲ್ಲಿ ಆತನ ಹಣವೆಲ್ಲ ಕರಗಿತ್ತು. ಬಂಡವಾಳ ಹಾಕಿದವರ ಕೈಗೆ ಕಂಪನಿ ಹೋಯಿತು, ಅವರು ಅದನ್ನು ಮುಂದುವರಿಸಲಿಲ್ಲ. ಫುಲ್ಟನ್ ಎದೆಗುಂದದೆ ಬೇರೆ ಬೇರೆ ಯಂತ್ರಗಳನ್ನು ಕಂಡುಹಿಡಿಯುತ್ತ 95 ವರ್ಷ ಬದುಕಿದ.

1946ರಲ್ಲಿ ಈ ಫುಲ್ಟನ್ನನನ್ನು ಡೆಲವೇರ್ ಪ್ರಾಂತದಲ್ಲಿ ಮೌಲ್ಟನ್ ಟೇಲರ್ ಎಂಬ ಎಂಜಿನಿಯರ್ ಅಕಸ್ಮಾತ್ತಾಗಿ ಭೇಟಿಯಾದ. ಏರ್‌ಫಿಬಿಯನ್ನಿನ ವಿಚಾರ ತಿಳಿದಾಗ ಟೇಲರನಿಗೆ ಅದರ ಕೊರತೆ ತಟ್ಟನೆ ಹೊಳೆಯಿತು. ರೆಕ್ಕೆಯನ್ನು ಒಂದು ಊರಿನಲ್ಲಿ ಬಿಟ್ಟು ಬಂದರೆ ಅದೇ ಊರಿಗೆ ಹಿಂತಿರುಗಲೇಬೇಕಲ್ಲ! ರೆಕ್ಕೆಯನ್ನು ಜೊತೆಯಲ್ಲಿಯೇ ಒಯ್ಯುವಂತಿರಬೇಕು. ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಈ ಟೇಲರ್.

ಟೇಲರ್ ಹುಟ್ಟಿದ್ದು 1912ರಲ್ಲಿ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಚಾಲಕನಿಲ್ಲದ ಕ್ಷಿಪಣಿಗಳ ಕೆಲಸ ಮಾಡಿದ್ದ. ವಾಷಿಂಗ್ಟನ್ ರಾಜ್ಯದ ಲಾಂಗ್‌ವ್ಯೂ ಎಂಬ ಊರಿನಲ್ಲಿ ನೆಲೆಸಿ, ಅಲ್ಲಿಯ ವ್ಯಾಪಾರಸ್ಥರಿಂದ ಷೇರು ಹಣ ಕೂಡಿಸಿ 'ಏರೋಕಾರ್' ಕಟ್ಟಲು ತೊಡಗಿದ. 1949ರಲ್ಲಿ ಅದು ಮೊದಲ ಬಾರಿ ಹಾರಿತು. ಇಬ್ಬರು ಕೂರುವ, ಗುಂಡಗಿನ, ನೋಡಿದರೆ ನಗು ಬರುವಂಥ ಪುಟ್ಟ ಕಾರು. ಅದರ ರೆಕ್ಕೆಗಳು ಹಿಂದಕ್ಕೆ ಮಡಚಿಕೊಂಡು, ಬಾಲದೊಂದಿಗೆ ಸೇರಿ ಒಂದು ಟ್ರೈಲರ್ ಆಗುತ್ತವೆ. ಕಾರು ಅದನ್ನು ಎತ್ತಿನ ಹಿಂದಿನ ಗಾಡಿಯಂತೆ ಎಳೆದುಕೊಂಡು ಹೋಗುತ್ತದೆ. ಹಾರಬೇಕಾದಾಗ ಒಬ್ಬನೇ ಮನುಷ್ಯ ಸುಮಾರು ಐದು ನಿಮಿಷದಲ್ಲಿ ರೆಕ್ಕೆ ಜೋಡಿಸಬಹುದು. ಕಾರಿನ ಹಿಂದಿನ ನಂಬರ್ ಪ್ಲೇಟನ್ನು ಮಡಚಿದರೆ ಒಳಗೆ ಪ್ರೊಪೆಲ್ಲರಿನ ದಂಡವನ್ನು ಜೋಡಿಸುವ ಜಾಗ ಕಾಣುತ್ತದೆ. ಈ ನಂಬರ್ ಪ್ಲೇಟಿನ ಉಪಾಯವನ್ನು ಓದಿದಾಗ ಆ ಮನುಷ್ಯನ ಬುದ್ಧಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

ಪ್ರೊಪೆಲ್ಲರ್ ಇದ್ದದ್ದು ಬಾಲದ ಕೊಟ್ಟಕೊನೆಯಲ್ಲಿ. ಎಂಜಿನ್ನಿನಿಂದ ಅಲ್ಲಿಯವರೆಗೆ ಉದ್ದನೆಯ ದಂಡ ತಿರುಗಬೇಕು. ಎಂಜಿನ್ನಿನ ಒಂದೊಂದು ಬಡಿತಕ್ಕೂ ಅಂಥ ದಂಡ ತಿರುಚಿಕೊಂಡು ಕಂಪಿಸುತ್ತದೆ. ಕಂಪನ ಅನುರಣನಕ್ಕೆ ಮುಟ್ಟಿದರೆ ದಂಡ ಮುರಿದೇಹೋಗುತ್ತದೆ. (ಅನುರಣನದ ಪಾಠದಲ್ಲಿ ಸೇತುವೆಯ ಮೇಲೆ ಸೈನಿಕರು ಹೆಜ್ಜೆ ತಪ್ಪಿಸಿ ನಡೆಯುವ ಉದಾಹರಣೆ ಕೊಟ್ಟಿದ್ದೆ, ನೆನಪಿರಬೇಕು.) ಟೇಲರ್ ಸಣ್ಣ ಉಕ್ಕಿನ ಗುಂಡುಗಳು ತುಂಬಿದ ಒಂದು ಜೋಡಣೆಯನ್ನು ನಡುವೆ ಅಳವಡಿಸಿದ. ಯಂತ್ರ ಹೊರಡುವಾಗ ಗುಂಡುಗಳು ಜಾರುತ್ತವೆ, ವೇಗ ಏರಿದಂತೆ ಒತ್ತಿ ಬಿಗಿಯಾಗುತ್ತವೆ. ಕಂಪನ ಅಲ್ಲಿಯೇ ಇಂಗುತ್ತದೆ.

1956ರಲ್ಲಿ ಏರೋಕಾರಿಗೆ ಸರ್ಕಾರದ ಪ್ರಮಾಣಪತ್ರ ಸಿಕ್ಕಿತು. 143 ಅಶ್ವಶಕ್ತಿಯ ಎಂಜಿನ್. ಗಾಳಿಯಲ್ಲಿ ಗಂಟೆಗೆ ಸುಮಾರು 160 ಕಿಲೋಮೀಟರ್, ರಸ್ತೆಯಲ್ಲಿ 95. ಒಂದು ಏರೋಕಾರನ್ನು ಬಾಬ್ ಕಮಿಂಗ್ಸ್ ಎಂಬ ನಟ ಕೊಂಡು ತನ್ನ ಟೆಲಿವಿಷನ್ ಧಾರಾವಾಹಿಯಲ್ಲಿ ಬಳಸಿದ. ಇನ್ನೊಂದನ್ನು ಪೋರ್ಟ್‌ಲ್ಯಾಂಡಿನ ಒಂದು ಬಾನುಲಿ ಕೇಂದ್ರ ರಸ್ತೆಯ ವಾಹನ ದಟ್ಟಣೆಯನ್ನು ಮೇಲಿನಿಂದ ನೋಡಿ ವರದಿ ಮಾಡಲು ಇಟ್ಟುಕೊಂಡಿತ್ತು. ದಟ್ಟಣೆಯನ್ನು ತಪ್ಪಿಸಲೆಂದು ಜನ ಕನಸು ಕಂಡ ವಾಹನ ಕೊನೆಗೆ ಕೆಳಗಿನವರ ದಟ್ಟಣೆಯ ಸುದ್ದಿ ಹೇಳುವ ಕೆಲಸಕ್ಕೆ ನಿಂತಿತು!

ಬೆಲೆ ಸುಮಾರು 25,000 ಡಾಲರ್. ಆ ಹಣಕ್ಕೆ ಒಂದು ಒಳ್ಳೆಯ ಕಾರನ್ನೂ ಒಂದು ಒಳ್ಳೆಯ ಸಣ್ಣ ವಿಮಾನವನ್ನೂ ಬೇರೆ ಬೇರೆ ಕೊಂಡು ಇನ್ನೂ ಹಣ ಉಳಿಸಬಹುದಿತ್ತು. 1960ರ ದಶಕದ ಆರಂಭದಲ್ಲಿ ಟೆಕ್ಸಾಸಿನ ಲಿಂಗ್-ಟೆಮ್ಕೊ-ವಾಟ್ ಕಂಪನಿ, 500 ಗಿರಾಕಿಗಳನ್ನು ತಂದರೆ ಕಾರ್ಖಾನೆಯಲ್ಲಿ ತಯಾರಿಸುತ್ತೇವೆ ಎಂದಿತು. ಟೇಲರ್ ಅಲೆದಾಡಿ ಅದರ ಅರ್ಧದಷ್ಟು ಜನರನ್ನು ಒಟ್ಟುಗೂಡಿಸಿದ. ಕಂಪನಿ ಹಿಂದೆ ಸರಿಯಿತು. 1970ರ ಸುಮಾರಿಗೆ ಫೋರ್ಡ್ ಕಂಪನಿಯವರೇ ಬಂದು ನೋಡಿದರು, ಮೆಚ್ಚಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಕಾರುಗಳ ಸುರಕ್ಷತೆಗೆ, ಹೊಗೆಗೆ ಹೊಸ ಕಾಯಿದೆಗಳು ಬಂದಿದ್ದವು. ಡಿಕ್ಕಿ ತಡೆಯುವ ಕಬ್ಬಿಣ, ಬಲವಾದ ಬಾಗಿಲು, ಹೊಗೆ ಶುದ್ಧಿಯ ಸಾಧನ, ಎಲ್ಲವೂ ತೂಕವೇ. ಆ ಮಾತುಕತೆಯೂ ಮುರಿಯಿತು. ಒಟ್ಟು ತಯಾರಾದದ್ದು ಆರು.

ಇನ್ನು ಅವಸರಪಟ್ಟವರ ಕಥೆ ದುಃಖದ್ದು. 1973ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೆನ್ರಿ ಸ್ಮೊಲಿನ್ಸ್ಕಿ ಮತ್ತು ಹೆರಾಲ್ಡ್ ಬ್ಲೇಕ್ ಎಂಬಿಬ್ಬರು ಎಂಜಿನಿಯರುಗಳು ಅಂಗಡಿಯಲ್ಲಿ ಸಿಗುವ ಫೋರ್ಡ್ ಪಿಂಟೊ ಕಾರಿಗೆ ಸೆಸ್ನಾ ವಿಮಾನದ ರೆಕ್ಕೆಬಾಲಗಳನ್ನು ಜೋಡಿಸಿ 'ಮೈಜಾರ್' ಎಂದು ಹೆಸರಿಟ್ಟರು. ಸೆಪ್ಟೆಂಬರ್ 11ರಂದು ಹಾರಾಟದಲ್ಲಿರುವಾಗ ಬಲ ರೆಕ್ಕೆಯ ಆಧಾರ ಸರಳು ಕಾರಿನಿಂದ ಕಿತ್ತು ಬಂತು. ಇಬ್ಬರೂ ಸತ್ತರು. ವೆಲ್ಡಿಂಗ್ ಸರಿಯಿರಲಿಲ್ಲವೆಂದು ತನಿಖೆಯಲ್ಲಿ ತಿಳಿಯಿತು.

ಇಷ್ಟೆಲ್ಲ ಜಾಣರು ಸೋತದ್ದೇಕೆ? ಇಲ್ಲಿ ಸ್ವಲ್ಪ ಹೊತ್ತು ನಾನು ಮತ್ತೆ ಕಪ್ಪುಹಲಗೆಯ ಮುಂದೆ ನಿಲ್ಲುತ್ತೇನೆ, ಕ್ಷಮಿಸಬೇಕು.

ಕಾರು ಭಾರವಾಗಿದ್ದಷ್ಟೂ ನೆಲಕ್ಕೆ ಭದ್ರವಾಗಿ ಕೂರುತ್ತದೆ. ವಿಮಾನ ಹಗುರವಾದಷ್ಟೂ ಒಳ್ಳೆಯದು. ಕಾರಿನ ನಾಲ್ಕು ಚಕ್ರಗಳು ನಾಲ್ಕು ಮೂಲೆಗಳಲ್ಲಿರಬೇಕು. ವಿಮಾನ ನೆಲ ಬಿಡುವಾಗ ಮೂತಿ ಎತ್ತಬೇಕಾದ್ದರಿಂದ ಅದರ ಮುಖ್ಯ ಚಕ್ರಗಳು ಗುರುತ್ವ ಕೇಂದ್ರದ ಹತ್ತಿರ, ಸ್ವಲ್ಪವೇ ಹಿಂದೆ ಇರಬೇಕು. ಕಾರಿಗೆ ಅಡ್ಡಗಾಳಿ ತಾಗಬಾರದು. ವಿಮಾನ ಬದುಕುವುದೇ ಗಾಳಿಯನ್ನು ತಾಗಿಸಿಕೊಂಡು. ಹೀಗೆ ಪ್ರತಿಯೊಂದರಲ್ಲೂ ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಬೇಡ. ಎರಡನ್ನೂ ಸೇರಿಸಿದವನಿಗೆ ಕೊನೆಗೆ ಸಿಗುವುದು ಮಂದ ಕಾರು ಮತ್ತು ಮಂದ ವಿಮಾನ.

ಓಡುದಾರಿಯೇ ಬೇಡ, ನೆಟ್ಟಗೆ ಮೇಲೇಳಲಿ ಎನ್ನುವಿರಾದರೆ ಇನ್ನೊಂದು ಲೆಕ್ಕ ಎದುರಾಗುತ್ತದೆ. 1,000 ಕಿಲೋ ತೂಕದ ವಾಹನವನ್ನು ಹೆಲಿಕಾಪ್ಟರಿನಂತೆ 10 ಮೀಟರ್ ವ್ಯಾಸದಲ್ಲಿ ತಿರುಗುವ ರೆಕ್ಕೆ ಗಾಳಿಯಲ್ಲಿ ನಿಲ್ಲಿಸಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, ಸುಮಾರು 70 ಕಿಲೋವಾಟ್ ಬೇಕು. ಆದರೆ ಬೀದಿಯಲ್ಲಿ 10 ಮೀಟರಿನ ರೆಕ್ಕೆ ಎಲ್ಲಿ ಹಿಡಿದೀತು? ಅದರ ಬದಲು ಒಂದೊಂದು ಮೀಟರ್ ವ್ಯಾಸದ ನಾಲ್ಕು ಫ್ಯಾನುಗಳನ್ನು ಇಟ್ಟರೆ ಅದೇ ತೂಕಕ್ಕೆ 350 ಕಿಲೋವಾಟ್ ಬೇಕು. ಎಂದರೆ 470 ಅಶ್ವಶಕ್ತಿ. ನಮ್ಮ ಬೀದಿಯ ಸಣ್ಣ ಕಾರಿನ ಎಂಜಿನ್ 80ರ ಆಸುಪಾಸಿನದು. ಅಷ್ಟೇ ಅಲ್ಲ, ಆ ಫ್ಯಾನುಗಳು ಕೆಳಕ್ಕೆ ತಳ್ಳುವ ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರಿಗೂ ಮೀರುತ್ತದೆ. ಅಂಥದ್ದು ನಮ್ಮ ಅಂಗಳದಲ್ಲಿ ಇಳಿದರೆ ಒಣಹಾಕಿದ ಹಪ್ಪಳ ಸಂಡಿಗೆಯ ಮಾತಿರಲಿ, ಅಕ್ಕಪಕ್ಕದ ಮನೆಗಳ ಹೆಂಚೂ ಉಳಿಯುವುದಿಲ್ಲ.

ಈ ಲೆಕ್ಕದೊಡನೆ ಜೀವಮಾನವಿಡೀ ಗುದ್ದಾಡಿದವನು ಪಾಲ್ ಮೊಲರ್. ಕೆನಡಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಪಾಠ ಹೇಳುತ್ತಿದ್ದ ಈತ 1960ರ ದಶಕದಿಂದಲೂ ನೆಟ್ಟಗೆ ಮೇಲೇಳುವ ವಾಹನಗಳನ್ನು ಕಟ್ಟುತ್ತ ಬಂದ. ಆತನ ಕೆಂಪು 'ಸ್ಕೈಕಾರ್' ಚಿತ್ರ ಎಷ್ಟು ಪತ್ರಿಕೆಗಳ ಮುಖಪುಟದಲ್ಲಿ ಬಂತೋ ಲೆಕ್ಕವಿಲ್ಲ. ಇನ್ನು ಕೆಲವೇ ವರ್ಷ ಎಂದು ಆತ ಹೇಳುತ್ತಲೇ ಇದ್ದ. 2000ದ ದಶಕದ ಆರಂಭದಲ್ಲಿ ಅದು ಕ್ರೇನಿಗೆ ಹಗ್ಗ ಕಟ್ಟಿಸಿಕೊಂಡು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಅದಕ್ಕಿಂತ ಮುಂದೆ ಹೋಗಲಿಲ್ಲ. 2003ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ, ಹೂಡಿಕೆದಾರರಿಗೆ ತಪ್ಪು ಮಾಹಿತಿ ಕೊಟ್ಟನೆಂದು ಆತನ ಮೇಲೆ ದಾವೆ ಹೂಡಿ ದಂಡ ಕಟ್ಟಿಸಿತು. ಆತನನ್ನು ಮೋಸಗಾರ ಎನ್ನಲು ನನಗೆ ಮನಸ್ಸು ಬಾರದು. ತನ್ನ ಕನಸನ್ನು ಮೊದಲು ನಂಬಿದವನು ಆತನೇ.

ಈ ಶತಮಾನದ ಪ್ರಯತ್ನಗಳೂ ಹಳೆಯ ಹಾದಿಯಲ್ಲಿಯೇ ನಡೆದಿವೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ತರುಣರು 2006ರಲ್ಲಿ ಟೆರಫ್ಯೂಜಿಯ ಎಂಬ ಕಂಪನಿ ಕಟ್ಟಿದರು. ಅವರ ರೆಕ್ಕೆ ಮಡಚುವ ವಾಹನ 2009ರಲ್ಲಿ ಹಾರಿತು. ಚೀನಾದ ಗೀಲಿ ಕಂಪನಿ 2017ರಲ್ಲಿ ಅದನ್ನು ಕೊಂಡಿತು. 2021ರ ಜನವರಿಯಲ್ಲಿ ಹಾರಾಟದ ಪ್ರಮಾಣಪತ್ರ ಸಿಕ್ಕಿತು. ಅದೇ ವರ್ಷ ಅಮೆರಿಕದ ಕಾರ್ಖಾನೆ ಮುಚ್ಚಿತು. ಸ್ಲೊವಾಕಿಯದ ಸ್ಟೆಫಾನ್ ಕ್ಲೈನ್ 2021ರ ಜೂನಿನಲ್ಲಿ ತನ್ನ 'ಏರ್‌ಕಾರ್' ಹತ್ತಿ ನಿತ್ರಾದಿಂದ ಬ್ರಾತಿಸ್ಲಾವಕ್ಕೆ 35 ನಿಮಿಷದಲ್ಲಿ ಹಾರಿ, ಇಳಿದ ಮೇಲೆ ಒಂದು ಗುಂಡಿ ಒತ್ತಿ ರೆಕ್ಕೆ ಮಡಚಿ ನಗರದೊಳಕ್ಕೆ ಓಡಿಸಿಕೊಂಡು ಹೋದ. ಆ ದೃಶ್ಯವನ್ನು ನೋಡಿ ನಾನು ಮಗುವಿನಂತೆ ಸಂತೋಷಪಟ್ಟೆ. 2022ರ ಜನವರಿಯಲ್ಲಿ ಅದಕ್ಕೂ ಪ್ರಮಾಣಪತ್ರ ದೊರಕಿತು. ಪ್ರಮಾಣಪತ್ರ ಸಿಗುವುದೇ ಗೆಲುವಲ್ಲವೆಂದು ಟೇಲರನ ಕಥೆ ಓದಿದ ನಿಮಗೆ ಹೇಳಬೇಕಾಗಿಲ್ಲ.

ಈಗ ಪತ್ರಿಕೆಗಳಲ್ಲಿ ಹಾರುವ ಕಾರೆಂದು ಬರುತ್ತಿರುವುದು ಹೆಚ್ಚಾಗಿ ವಿದ್ಯುತ್ತಿನಿಂದ ನೆಟ್ಟಗೆ ಮೇಲೇಳುವ ಬಾಡಿಗೆ ವಿಮಾನ. ಅದು ರಸ್ತೆಯಲ್ಲಿ ಓಡುವುದೇ ಇಲ್ಲವಾದ್ದರಿಂದ ಅದನ್ನು ಕಾರೆಂದು ಕರೆಯಲು ನಾನು ಒಪ್ಪುವುದಿಲ್ಲ. ಚೀನಾದ ಈಹ್ಯಾಂಗ್ ಕಂಪನಿಯ ಚಾಲಕರಹಿತ ವಾಹನಕ್ಕೆ ಅಲ್ಲಿಯ ಸರ್ಕಾರ 2023ರಲ್ಲಿ ಪ್ರಮಾಣಪತ್ರ ಕೊಟ್ಟಿತು. ಜರ್ಮನಿಯ ಲಿಲಿಯಂ ಮತ್ತು ವೊಲೊಕಾಪ್ಟರ್ ಎಂಬ ಹೆಸರುವಾಸಿ ಕಂಪನಿಗಳೆರಡೂ 2024ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದವು. ಬ್ಯಾಟರಿಯ ತೊಡಕು ದೊಡ್ಡದು. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದ್ದರೆ ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್. ಎಂಜಿನ್ ಮುಕ್ಕಾಲು ಪಾಲು ಶಕ್ತಿಯನ್ನು ಬಿಸಿಯಾಗಿ ಕಳೆದರೂ ಪೆಟ್ರೋಲೇ ಬಹಳ ಮುಂದೆ. ನಮ್ಮ ಬೆಂಗಳೂರಿನಲ್ಲಿಯೂ ಸರಳಾ ಏವಿಯೇಷನ್ ಎಂಬ ಹೊಸ ಕಂಪನಿ ಇಂಥ ಬಾಡಿಗೆ ವಿಮಾನ ಕಟ್ಟಲು ಹೊರಟಿದೆ. 1936ರಲ್ಲಿ ವಿಮಾನ ಹಾರಿಸುವ ಪರವಾನಗಿ ಪಡೆದ ಸರಳಾ ಠಕ್ರಾಲ್ ಅವರ ಹೆಸರು ಅದಕ್ಕೆ. 2025ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ 'ಶೂನ್ಯ' ಎಂಬ ತಮ್ಮ ಮಾದರಿಯನ್ನು ತೋರಿಸಿದರು. ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನ ನಿಲ್ದಾಣಕ್ಕೆ ಸುಮಾರು 20 ನಿಮಿಷ ಎಂಬ ಸುದ್ದಿ ಓದಿದೆ. ನನ್ನ ಶಿಷ್ಯನ ಸಿಲ್ಕ್ ಬೋರ್ಡಿನ ಮೇಲೆಯೇ ಹಾದುಹೋಗಬಹುದು. ಆದರೆ ಈ ಸಲ ಯಾರ ನೋಟ್ಸಿಗೂ ನಾನು ಇಸವಿ ಬರೆಸುವುದಿಲ್ಲ.

ಮತ್ತೆ ಮತ್ತೆ ನನ್ನ ಮನಸ್ಸು ಹೋಗುವುದು ಲಾಂಗ್‌ವ್ಯೂ ಎಂಬ ಆ ಊರಿಗೆ. ನಾನು 1988ರಲ್ಲಿ ಸೀಮೆಸುಣ್ಣ ಹಿಡಿದು ಹಾರುವ ಕಾರು ಇನ್ನೂ ಬರಲಿದೆ ಎಂದು ಹೇಳುತ್ತಿದ್ದಾಗ ಅದನ್ನು ಕಟ್ಟಿ ಹಾರಿಸಿದವನು ಬದುಕಿದ್ದ. ವಯಸ್ಸು ಎಪ್ಪತ್ತೈದು ದಾಟಿತ್ತು. ಜನ ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ಸಣ್ಣ ವಿಮಾನಗಳ ನಕ್ಷೆ ರಚಿಸುವುದರಲ್ಲಿಯೂ ಆತ ಹೆಸರು ಮಾಡಿದ್ದ. 1995ರಲ್ಲಿ ತೀರಿಕೊಂಡ.

ಆತನ ಮೂರನೆಯ ಮಾದರಿಯ ಏರೋಕಾರ್ ಸಿಯಾಟಲ್ ನಗರದ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗನಿಗೆ ಹೇಳಿದೆ. ಒಂದು ಭಾನುವಾರ ಹೋಗಿ ಚಿತ್ರ ತೆಗೆದು ಕಳುಹಿಸಿದ. ಕೆಂಪು ಬಣ್ಣ, ಪುಟ್ಟ ಮೂತಿ. "ಮಾವ, ಇದನ್ನು ಎಷ್ಟೋ ಸಲ ದಾಟಿಕೊಂಡು ಹೋಗಿದ್ದೇನೆ, ಆಟಿಕೆ ಅಂದುಕೊಂಡಿದ್ದೆ" ಎಂದ. ಚಿತ್ರವನ್ನು ನನ್ನ ಶಿಷ್ಯನಿಗೂ ಕಳುಹಿಸಿ ಎಲ್ಲವನ್ನೂ ವಿವರಿಸಿದೆ. "ಹಾಗಾದರೆ ನನ್ನ ನೋಟ್ಸಿನಲ್ಲಿ ಇಸವಿ ತಿದ್ದಿಕೊಳ್ಳಲೇ ಸಾರ್?" ಎಂದು ಬರೆದ.

1956 ಎಂದು ತಿದ್ದಿಕೋ ಎಂದೆ.